ಪರ್ಸನಲ್ ಸ್ಟೇಟ್‌ಮೆಂಟ್‌ನಲ್ಲಿ 22% ಹೋಲಿಕೆ ತೋರಿಸುತ್ತಿದೆ: ಪದ ಬದಲಿಸಿದರೆ ಸಾಕೇ?

ಅರ್ಜಿ_ಕರಡು ಕೇಳಿದ ಪ್ರಶ್ನೆ

ಅಮೆರಿಕದ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಗೆ (ವೈದ್ಯ ಪದವಿಯ ನಂತರದ ತರಬೇತಿ) ಎರಾಸ್ ಎಂಬ ಆನ್‌ಲೈನ್ ಅರ್ಜಿ ವ್ಯವಸ್ಥೆಯಲ್ಲಿ ಹಾಕಬೇಕಿರುವ ಪರ್ಸನಲ್ ಸ್ಟೇಟ್‌ಮೆಂಟ್ ಬಗ್ಗೆ ಕೇಳುತ್ತಿದ್ದೇನೆ. ಕರಡು 720 ಪದ ಇದೆ. ಮೊದಲ ಪ್ಯಾರಾ ಮಾದರಿಗಳನ್ನು ಹಾಕುವ ವೆಬ್‌ಸೈಟ್ ಒಂದರದ್ದು, ಅಲ್ಲಲ್ಲಿ ಪದ ಬದಲಾಗಿದೆ. ಒಟ್ಟು ಹಂದರ ಈಗಾಗಲೇ ಮ್ಯಾಚ್ ಆಗಿರುವ, ಅಂದರೆ ಸೀಟು ಸಿಕ್ಕಿರುವ, ಸೀನಿಯರ್ ಕೊಟ್ಟ ಫೈಲಿನದ್ದು. ಕೊನೆಯ ಪ್ಯಾರಾದ ಎರಡು ವಾಕ್ಯ ಒಂದು ರೆಸಿಡೆನ್ಸಿ ಪ್ರೋಗ್ರಾಂನ ವೆಬ್‌ಪುಟದಿಂದ ಬಂದಿವೆ. ಮಧ್ಯದ ಎರಡು ಪ್ಯಾರಾ ಪೂರ್ತಿ ಸ್ವಂತ. ಕೃತಿಚೌರ್ಯ ಹುಡುಕುವ ಉಚಿತ ಚೆಕರ್ ಒಂದು 22% ಹೋಲಿಕೆ ತೋರಿಸುತ್ತಿದೆ.

ಎಷ್ಟು ಶೇಕಡದ ಒಳಗಿದ್ದರೆ ತೊಂದರೆ ಇಲ್ಲ? ಸಮಾನಾರ್ಥಕ ಪದ ಹಾಕಿ 10ರ ಕೆಳಗೆ ಇಳಿಸಿದರೆ ನಡೆಯುತ್ತದೆಯೇ, ಇಲ್ಲ ಮೊದಲಿಂದ ಬರೆಯಬೇಕೇ? ಇಂಗ್ಲಿಷ್ ತಿದ್ದಲು ಚಾಟ್‌ಜಿಪಿಟಿ ಬಳಸಿದರೆ ಅದೂ ಕೃತಿಚೌರ್ಯವೇ? ಬ್ರಿಟನ್ನಿಗೆ ಹಾಕುವವರಿಗೂ ಇದೇ ನಿಯಮವೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿ.

ಸಾಲು_ಸಾಲಾಗಿ

ಸುರಕ್ಷಿತ ಶೇಕಡ ಅಂತ ಒಂದು ಗಡಿ ಇಲ್ಲ. ಅದನ್ನು ಹುಡುಕುವುದು ಬಿಟ್ಟರೆ ಅರ್ಧ ಸಮಸ್ಯೆ ಮುಗಿದಂತೆ.

ಚೆಕರ್ ಮಾಡುವ ಕೆಲಸ ಇಷ್ಟೇ: ನಿಮ್ಮ ಬರಹವನ್ನು ಕೆಲವೇ ಪದಗಳ ಸರಪಳಿಗಳಾಗಿ ತುಂಡರಿಸಿ, ತನ್ನ ಸಂಗ್ರಹದಲ್ಲಿ ಅದೇ ಸರಪಳಿ ಎಲ್ಲಾದರೂ ಇದೆಯೇ ಎಂದು ನೋಡುತ್ತದೆ. ಸಿಕ್ಕ ಪದಗಳನ್ನು ಒಟ್ಟು ಪದಗಳಿಂದ ಭಾಗಿಸಿದರೆ ಆ ಶೇಕಡ ಬಂತು. ಅದು ಹೋಲಿಕೆಯ ಅಳತೆ, ಕಳ್ಳತನದ್ದಲ್ಲ. 720 ಪದದಲ್ಲಿ 22% ಅಂದರೆ ಸುಮಾರು 158 ಪದ. ಈ 158 ಪದ ಬರಹದ ತುಂಬ ನಾಲ್ಕೈದು ಪದಗಳ ಚೂರುಗಳಾಗಿ ಹರಡಿದ್ದರೆ, ಅಂದರೆ "ಕ್ಲಿನಿಕಲ್ ರೊಟೇಷನ್ ಸಮಯದಲ್ಲಿ ನನಗೆ ಅವಕಾಶ ಸಿಕ್ಕಿತು" ಎನ್ನುವಂಥ ಎಲ್ಲರ ಬಾಯಲ್ಲೂ ಬರುವ ಮಾತುಗಳಾಗಿದ್ದರೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದರಲ್ಲಿ 110 ಪದ ಮೊದಲ ಪ್ಯಾರಾದಲ್ಲೇ ಕೂತಿದ್ದರೆ ಆ ಪ್ಯಾರಾ ನಿಮ್ಮದಲ್ಲ. ಇದರ ಉಲ್ಟಾ ಕೂಡ ಅಷ್ಟೇ ನಿಜ. ವರದಿ 8% ತೋರಿಸಬಹುದು, ಅಂದರೆ ಬರೀ 58 ಪದ. ಆ 58 ಪದ ಬೇರೊಬ್ಬರು ನೋಡಿದ ರೋಗಿಯ ಕಥೆಯಾಗಿದ್ದರೆ ಅರ್ಜಿ ಕೆಡಲು ಅಷ್ಟು ಸಾಕು. ಹಾಗಾಗಿ ಮೇಲಿನ ಅಂಕಿ ನೋಡಬೇಡಿ, ಬಣ್ಣ ಹಚ್ಚಿ ತೋರಿಸಿದ ಸಾಲುಗಳನ್ನು ಒಂದೊಂದಾಗಿ ಓದಿ.

ನೀವು ಹೇಳಿದ 10% ಎಲ್ಲೋ ಕೇಳಿದ್ದಿರಬೇಕು. 2010ರಲ್ಲಿ ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯ ಐದು ದೊಡ್ಡ ರೆಸಿಡೆನ್ಸಿ ಪ್ರೋಗ್ರಾಂಗಳಿಗೆ ಬಂದ 4,975 ಸ್ಟೇಟ್‌ಮೆಂಟ್‌ಗಳನ್ನು ಸಾಫ್ಟ್‌ವೇರ್‌ನಿಂದ ತಾಳೆ ನೋಡಿದ್ದರು. 10%ಗಿಂತ ಹೆಚ್ಚು ಹೋಲಿಕೆ ಇದ್ದದ್ದನ್ನು ಕೃತಿಚೌರ್ಯದ ಕುರುಹು ಎಂದು ಎಣಿಸಿದ್ದರು, ಅಂಥವು 5.2% ಸಿಕ್ಕವು. ಆ 10% ಅಧ್ಯಯನಕ್ಕಾಗಿ ಹಾಕಿಕೊಂಡ ಗೆರೆ. 9% ಇದ್ದರೆ ಮಾಫಿ ಎಂದು ಎಲ್ಲೂ ಬರೆದಿಲ್ಲ. ಅದೇ ಅಧ್ಯಯನದಲ್ಲಿ ಅಮೆರಿಕದ ನಾಗರಿಕರಲ್ಲದವರ ಬರಹಗಳಲ್ಲಿ ಈ ಪ್ರಮಾಣ ಹೆಚ್ಚಿತ್ತು. ಹೊರದೇಶದಿಂದ ಅರ್ಜಿ ಹಾಕುವ ಪ್ರಾಮಾಣಿಕ ವೈದ್ಯರಿಗೂ ಇದರ ಬಿಸಿ ತಟ್ಟುತ್ತದೆ. ಓದುವವರ ತಲೆಯಲ್ಲಿ ಆ ಅನುಮಾನ ಮೊದಲೇ ಕೂತಿರಬಹುದು.

ಇನ್ನು ಸಮಾನಾರ್ಥಕ ಪದದ ವಿಷಯ. ಉದಾಹರಣೆಗೆ ಮಾದರಿಯಲ್ಲಿ ಹೀಗಿದೆ ಎಂದುಕೊಳ್ಳಿ: "ಅಜ್ಜನ ಹಾಸಿಗೆಯ ಪಕ್ಕ ಕುಳಿತು ಅವರ ಕೈ ಹಿಡಿದಿದ್ದಾಗ, ವೈದ್ಯಕೀಯ ಎಂದರೆ ಬರೀ ಔಷಧವಲ್ಲ ಎಂದು ನನಗೆ ಹೊಳೆಯಿತು." ನೀವು ತಿದ್ದಿದ್ದು: "ತಾತನ ಮಂಚದ ಬಳಿ ಕೂತು ಅವರ ಕೈಯನ್ನು ಹಿಡಿದುಕೊಂಡಿದ್ದ ಕ್ಷಣದಲ್ಲಿ, ವೈದ್ಯ ವೃತ್ತಿ ಎಂದರೆ ಮಾತ್ರೆಯಷ್ಟೇ ಅಲ್ಲ ಎಂದು ನನಗೆ ಅರಿವಾಯಿತು." ಬಹುತೇಕ ಪದ ಬೇರೆ, ಮೂಳೆ ಅದೇ. ಇದಕ್ಕೆ ಪ್ಯಾಚ್‌ರೈಟಿಂಗ್ ಎನ್ನುತ್ತಾರೆ, ತೇಪೆ ಹಾಕುವ ಬರವಣಿಗೆ. ಚೆಕರ್ ಕಣ್ಣು ತಪ್ಪಿಸಿದರೂ ಇದು ಕೃತಿಚೌರ್ಯವೇ, ಏಕೆಂದರೆ ಕದ್ದಿರುವುದು ಘಟನೆ ಮತ್ತು ಅದರಿಂದ ಬಂದ ತಿಳಿವಳಿಕೆ. ಸೀಸನ್‌ನಲ್ಲಿ ನೂರಾರು ಸ್ಟೇಟ್‌ಮೆಂಟ್ ಓದುವವರು ಇಂಥ ತೇಪೆಯನ್ನು ಬೇಗ ಗುರುತಿಸುತ್ತಾರೆ: ಮೊದಲ ಪ್ಯಾರಾದಲ್ಲಿ ಸಾಹಿತ್ಯದ ಇಂಗ್ಲಿಷ್, ಎರಡನೆಯದರಲ್ಲಿ ಕೇಸ್ ಶೀಟಿನ ಇಂಗ್ಲಿಷ್. ನಿಮ್ಮ ಕರಡಿನಲ್ಲೂ ಆ ಹೊಲಿಗೆ ಎದ್ದು ಕಾಣುತ್ತಿರಬೇಕು.

ಎರಾಸ್ ನಡೆಸುವ ಎಎಎಂಸಿ (ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ) ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅರ್ಜಿ ಸಲ್ಲಿಸುವಾಗ ಬರಹ ನಿಮ್ಮದೇ ಎಂದು ನೀವೇ ಪ್ರಮಾಣೀಕರಿಸುತ್ತೀರಿ. ದೂರು ಬಂದರೆ ವಿಚಾರಣೆ ನಡೆಯುತ್ತದೆ. ಸಾಬೀತಾದರೆ ನೀವು ಅರ್ಜಿ ಹಾಕಿದ ಪ್ರೋಗ್ರಾಂಗಳಿಗೆ ಮಾತ್ರವಲ್ಲ, ಮುಂದಿನ ಸೀಸನ್‌ಗಳಲ್ಲಿ ಹಾಕುವ ಪ್ರೋಗ್ರಾಂಗಳಿಗೂ ಅದನ್ನು ತಿಳಿಸಬಹುದು. ಒಂದು ವರ್ಷ ಹಾಳಾದರೆ ಮುಂದಿನ ವರ್ಷ ನೋಡಿಕೊಂಡರಾಯಿತು ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಬ್ರಿಟನ್_ಅರ್ಜಿ

ಬ್ರಿಟನ್ನಿನ ಬಗ್ಗೆ ನಾನು ಹೇಳುತ್ತೇನೆ. ಅಲ್ಲಿ ಎರಡು ಹಂತಗಳನ್ನು ಕಲಸಬೇಡಿ.

ಮೊದಲನೆಯದು ಮೆಡಿಕಲ್ ಸ್ಕೂಲ್ ಪ್ರವೇಶ, ಅದು ವಿಶ್ವವಿದ್ಯಾಲಯಗಳಿಗೆ ಅರ್ಜಿ ಸ್ವೀಕರಿಸುವ ಯುಕಾಸ್ ಸಂಸ್ಥೆಯ ಮೂಲಕ. ಯುಕಾಸ್ ಬಂದ ಪ್ರತಿಯೊಂದು ಸ್ಟೇಟ್‌ಮೆಂಟನ್ನೂ ಹಿಂದಿನ ವರ್ಷಗಳ ಮತ್ತು ಈ ವರ್ಷದ ಸ್ಟೇಟ್‌ಮೆಂಟ್‌ಗಳ ಸಂಗ್ರಹದ ಜೊತೆ ತಾಳೆ ನೋಡುತ್ತದೆ. ಹೋಲಿಕೆ 30% ಅಥವಾ ಹೆಚ್ಚಿದ್ದರೆ ಸಿಬ್ಬಂದಿ ಕೂತು ಓದುತ್ತಾರೆ. ಅನುಮಾನ ಗಟ್ಟಿಯಾದರೆ ಅಭ್ಯರ್ಥಿಗೂ, ಅವರು ಆರಿಸಿಕೊಂಡ ವಿಶ್ವವಿದ್ಯಾಲಯಗಳಿಗೂ ಸುದ್ದಿ ಹೋಗುತ್ತದೆ. ಯುಕಾಸ್ ತಾನಾಗಿ ಯಾರನ್ನೂ ತಿರಸ್ಕರಿಸುವುದಿಲ್ಲ, ತೀರ್ಮಾನ ಆಯಾ ವಿಶ್ವವಿದ್ಯಾಲಯದ್ದು. 30% ಎನ್ನುವುದು ಮನುಷ್ಯರ ಕಣ್ಣಿಗೆ ಬೀಳುವ ಗೆರೆ ಮಾತ್ರ. 29% ಇದ್ದ ಸ್ಟೇಟ್‌ಮೆಂಟನ್ನು ಪ್ರವೇಶ ಸಮಿತಿಯವರೇ ಹಿಡಿಯಲು ಯಾವ ಅಡ್ಡಿಯೂ ಇಲ್ಲ.

ಎಲ್ಲರೂ ಒಂದೇ ಮಾದರಿಯಿಂದ ಎತ್ತಿದರೆ ಏನಾಗುತ್ತದೆ ಎಂಬುದಕ್ಕೆ 2007ರಲ್ಲಿ ಯುಕಾಸ್ ಮಾಡಿಸಿದ ಪರಿಶೀಲನೆ ನೋಡಿ. ಸುಮಾರು 50,000 ಸ್ಟೇಟ್‌ಮೆಂಟ್‌ಗಳಲ್ಲಿ 234 ಜನ ಎಂಟನೇ ವಯಸ್ಸಿನಲ್ಲಿ ಪೈಜಾಮಕ್ಕೆ ತೂತು ಬೀಳುವಂತೆ ಸುಟ್ಟುಕೊಂಡ ಕಥೆ ಬರೆದಿದ್ದರು. 175 ಜನರಿಗೆ ವಯಸ್ಸಾದ ಅಥವಾ ಕಾಯಿಲೆ ಬಿದ್ದ ಅಜ್ಜ ಇದ್ದರು. ಮನುಷ್ಯ ದೇಹ ಹೇಗೆ ಕೆಲಸ ಮಾಡುತ್ತದೆ ಎಂಬ ಕುತೂಹಲದಿಂದ ಶುರುವಾಗುವ ವಾಕ್ಯ 370 ಸಲ ಸಿಕ್ಕಿತು. ಆ ಪೈಜಾಮ ಒಬ್ಬರ ಜೀವನದಲ್ಲಿ ನಿಜವಾಗಿ ಸುಟ್ಟಿರಬಹುದು. ಉಳಿದ 233 ಜನ ಕದ್ದಿದ್ದರಿಂದ ಆ ಒಬ್ಬರ ನಿಜಕ್ಕೂ ಬೆಲೆ ಹೋಯಿತು.

2026ರ ಪ್ರವೇಶದಿಂದ ಯುಕಾಸ್ ಒಂದೇ ದೊಡ್ಡ ಬರಹದ ಬದಲು ಮೂರು ಪ್ರಶ್ನೆ ಇಟ್ಟಿದೆ: ಈ ಕೋರ್ಸ್ ಏಕೆ, ನಿಮ್ಮ ಓದು ಇದಕ್ಕೆ ಹೇಗೆ ಸಿದ್ಧಗೊಳಿಸಿದೆ, ಓದಿನ ಹೊರಗೆ ಏನು ಮಾಡಿದ್ದೀರಿ. ಒಟ್ಟು 4,000 ಅಕ್ಷರ, ಪ್ರತಿ ಉತ್ತರಕ್ಕೆ ಕನಿಷ್ಠ 350. ಹಾಗಾಗಿ ಹಳೆಯ ಮಾದರಿಯನ್ನು ಕತ್ತರಿಸಿ ಈ ಮೂರು ಡಬ್ಬಿಗೆ ತುಂಬಿದರೆ ಅದು ಪ್ರಶ್ನೆಗೆ ಉತ್ತರವೇ ಆಗುವುದಿಲ್ಲ.

ಎರಡನೆಯದು ಪದವಿಯ ನಂತರದ ಸ್ಪೆಷಾಲಿಟಿ ತರಬೇತಿ, ಅದು ಓರಿಯಲ್ ಎಂಬ ಆನ್‌ಲೈನ್ ಅರ್ಜಿ ವ್ಯವಸ್ಥೆಯ ಮೂಲಕ. ಅಲ್ಲಿ ಉದ್ದನೆಯ ಪ್ರಬಂಧಕ್ಕಿಂತ ಸಾಧನೆಗಳ ಸ್ವಯಂ ಅಂಕ, ಸಾಕ್ಷ್ಯದ ಕಡತ, ಸಂದರ್ಶನಕ್ಕೆ ತೂಕ ಹೆಚ್ಚು. ಸುಳ್ಳು ಎಲ್ಲಿ ನುಸುಳುತ್ತದೆ ಅಂದರೆ ಬೇರೆಯವರು ಮಾಡಿದ ಆಡಿಟನ್ನು (ಚಿಕಿತ್ಸೆಯ ಗುಣಮಟ್ಟದ ಪರಿಶೀಲನೆ) ತನ್ನದೆಂದು ಹಾಕುವಲ್ಲಿ. ಈ ಹಂತಕ್ಕೆ ಬರುವಾಗ ನೀವು ಜಿಎಂಸಿ (ಬ್ರಿಟನ್ನಿನ ವೈದ್ಯಕೀಯ ಮಂಡಳಿ) ನೋಂದಣಿ ಇರುವ ಅಥವಾ ಪಡೆಯಲಿರುವ ವೈದ್ಯರು. ಜಿಎಂಸಿಯ ಗುಡ್ ಮೆಡಿಕಲ್ ಪ್ರಾಕ್ಟೀಸ್ ಎಂಬ ನೀತಿ ಸೂತ್ರ ನಿಮ್ಮ ಅನುಭವ, ಅರ್ಹತೆ, ಈಗಿನ ಹುದ್ದೆ ಈ ಮೂರರ ಬಗ್ಗೆ ಪ್ರಾಮಾಣಿಕವಾಗಿರಬೇಕು ಎನ್ನುತ್ತದೆ. ಅಂದರೆ ಅರ್ಜಿಯ ಸುಳ್ಳು ಬರೀ ಸೀಟು ಕಳೆಯುವ ವಿಷಯವಲ್ಲ, ವೃತ್ತಿ ಮಾಡುವ ಯೋಗ್ಯತೆಯ ಪ್ರಶ್ನೆಯಾಗಿ ಬೆಳೆಯಬಹುದು.

ಅರ್ಜಿ_ಕರಡು

ಇಬ್ಬರಿಗೂ ಧನ್ಯವಾದ. ಮೊದಲ ಪ್ಯಾರಾ ಕಿತ್ತು ಹಾಕಿದೆ. ಆದರೆ ಹಂದರವನ್ನೂ ಬಿಡಬೇಕೇ? ಘಟನೆ, ಓದು, ಸಂಶೋಧನೆ, ಮುಂದಿನ ಗುರಿ, ಈ ಕ್ರಮ ಎಲ್ಲರದ್ದೂ ಇದೇ ಅಲ್ಲವೇ? ಹೊಸದಾಗಿ ಬರೆಯಲು ಕೂತರೆ ಹಳೆಯ ವಾಕ್ಯಗಳೇ ಮತ್ತೆ ಮತ್ತೆ ಕೈಗೆ ಬರುತ್ತಿವೆ.

ಸಾಲು_ಸಾಲಾಗಿ

ನನ್ನ ಅಭಿಪ್ರಾಯದಲ್ಲಿ ಹಂದರವನ್ನೂ ಬಿಡುವುದು ಒಳ್ಳೆಯದು.

ವಾರ್ಡ್_ಟಿಪ್ಪಣಿ

ಇಲ್ಲಿ ನನಗೆ ಭಿನ್ನಾಭಿಪ್ರಾಯ ಇದೆ. ಹಿಂದೆ, ಇಂದು, ಮುಂದೆ ಎನ್ನುವ ಕ್ರಮ ಯಾರ ಆಸ್ತಿಯೂ ಅಲ್ಲ, ಅದನ್ನು ಇಟ್ಟುಕೊಳ್ಳಬಹುದು. ಆದರೆ ಸೀನಿಯರ್ ಫೈಲಿನಲ್ಲಿ "ಮೂರನೇ ಪ್ಯಾರಾದಲ್ಲಿ ಸಂಶೋಧನೆಯ ಸೋಲು, ನಾಲ್ಕನೆಯದರಲ್ಲಿ ಅದೇ ಸೋಲು ರೋಗಿಯ ಮುಂದೆ ನೆನಪಾಗುವುದು" ಎನ್ನುವಂಥ ಹೆಣಿಗೆ ಇದ್ದರೆ ಅದು ಅವರು ಯೋಚಿಸಿ ಕಟ್ಟಿದ್ದು. ಅದನ್ನು ಬಿಡಿ.

ಹಳೆಯ ವಾಕ್ಯಗಳೇ ಬರುತ್ತಿವೆ ಎಂದಿರಿ. ಹಳೆಯ ಫೈಲ್ ತೆರೆದಿಟ್ಟುಕೊಂಡು ಬರೆದರೆ ಹಾಗೇ ಆಗುವುದು. ಆ ಫೈಲ್ ಮುಚ್ಚಿ, ಎರಡು ಮೂರು ದಿನ ಮುಟ್ಟಬೇಡಿ. ಆಮೇಲೆ ಕೀಬೋರ್ಡಿಗೆ ಹೋಗದೆ ಫೋನಿನ ರೆಕಾರ್ಡರ್ ಹಾಕಿ, ಕನ್ನಡದಲ್ಲೇ ಇಪ್ಪತ್ತು ನಿಮಿಷ ಮಾತಾಡಿ. ಇಂಗ್ಲಿಷಿನಲ್ಲಿ ಯೋಚಿಸಿದರೆ ಓದಿದ ಮಾದರಿಗಳ ಇಂಗ್ಲಿಷೇ ಬಾಯಿಗೆ ಬರುತ್ತದೆ. ಕನ್ನಡದಲ್ಲಿ ಆ ಎರವಲು ವಾಕ್ಯಗಳು ಇಲ್ಲ, ಹಾಗಾಗಿ ಕಂಡದ್ದನ್ನೇ ಹೇಳಬೇಕಾಗುತ್ತದೆ. ನಿಮಗೆ ನೀವೇ ಕೇಳಿಕೊಳ್ಳಬೇಕಾದ್ದು: ಯಾವ ರೋಗಿಯ ನಂತರ ನಾನು ಕೆಲಸ ಮಾಡುವ ರೀತಿ ಬದಲಾಯಿತು, ಏನು ಬದಲಾಯಿತು? ಆ ದಿನ ನಾನು ಕೈಯಾರೆ ಮಾಡಿದ್ದೇನು, ಬೇರೆಯವರು ಮಾಡಿದ್ದೇನು? ನಾನು ತಪ್ಪಾಗಿ ಅಂದಾಜು ಮಾಡಿದ್ದು ಎಲ್ಲಿ? ಯಾರೂ ಹೇಳದಿದ್ದರೂ ನಾನಾಗಿ ಓದುವ ವಿಷಯ ಯಾವುದು? ಮೂರು ವರ್ಷದ ತರಬೇತಿಯಿಂದ ನನಗೆ ಬೇಕಾದ್ದೇನು?

ರೆಕಾರ್ಡಿಂಗ್ ಕೇಳುತ್ತಾ ವಾಕ್ಯಗಳಲ್ಲ, ಬಿಡಿ ಟಿಪ್ಪಣಿಗಳನ್ನು ಮಾತ್ರ ಬರೆದುಕೊಳ್ಳಿ. ಎರಡು ಘಟನೆ ಆರಿಸಿ, ಹೆಚ್ಚು ಬೇಡ. 700 ಪದದಲ್ಲಿ ಮೂರನೆಯದಕ್ಕೆ ಜಾಗ ಇಲ್ಲ. ಎರಾಸ್ ಬಾಕ್ಸ್ 28,000 ಅಕ್ಷರದವರೆಗೆ ತೆಗೆದುಕೊಳ್ಳುತ್ತದೆ ಎಂದು ತುಂಬಿಸಲು ಹೋಗಬೇಡಿ, ರೂಢಿ ಇರುವುದು ಒಂದು ಪುಟ, 650ರಿಂದ 750 ಪದ.

ಒಂದು ಉದಾಹರಣೆ ಕೊಡುತ್ತೇನೆ, ಕಟ್ಟಿ ಹೇಳಿದ್ದು, ಇದನ್ನೂ ಎತ್ತಬೇಡಿ. ಎರವಲು ಶೈಲಿ ಹೀಗಿರುತ್ತದೆ: "ಗೊಂದಲದಲ್ಲಿದ್ದ ವೃದ್ಧೆಯೊಬ್ಬರನ್ನು ನೋಡಿದಾಗ, ಸಮಗ್ರ ಆರೈಕೆಯ ಮಹತ್ವ ತಿಳಿಯಿತು." ಇದಕ್ಕೆ ಸಾವಿರ ಜನ ಸಹಿ ಹಾಕಬಹುದು. ಅದೇ ರೋಗಿಯ ಬಗ್ಗೆ ಟಿಪ್ಪಣಿ ಹೀಗಿದ್ದರೆ ನೋಡಿ: ಸೋಡಿಯಂ 118, ತೀರಾ ಕಡಿಮೆ. ಮೊದಲ ಅಂದಾಜು ಮೂತ್ರದ ಸೋಂಕು, ಅದು ತಪ್ಪು. ಮಗಳು ತಂದ ಚೀಲದಲ್ಲಿ ಎರಡು ಬೇರೆ ಹೆಸರಿನ ಬಿಪಿ ಮಾತ್ರೆ, ಎರಡರಲ್ಲೂ ಒಂದೇ ಹೈಡ್ರೊಕ್ಲೋರೊಥಯಾಜೈಡ್, ಸೋಡಿಯಂ ಇಳಿಸಬಲ್ಲ ಔಷಧ. 24 ಗಂಟೆಯಲ್ಲಿ 8ಕ್ಕಿಂತ ಹೆಚ್ಚು ಏರದಂತೆ ನಾಲ್ಕು ಗಂಟೆಗೊಮ್ಮೆ ಸೋಡಿಯಂ ನೋಡಿದ್ದು. ಅಂದಿನಿಂದ ಪ್ರತಿ ಅಡ್ಮಿಷನ್‌ನಲ್ಲೂ ಔಷಧ ಪಟ್ಟಿ ಕೇಳುವ ಬದಲು ಸ್ಟ್ರಿಪ್‌ಗಳನ್ನೇ ಮೇಜಿನ ಮೇಲೆ ಹಾಕಿಸುವುದು. ಇದರಲ್ಲಿ "ಕರುಣೆ", "ಸಮಗ್ರ" ಯಾವ ಪದವೂ ಇಲ್ಲ, ಆದರೂ ಓದಿದವರಿಗೆ ಒಬ್ಬ ಫಿಸಿಶಿಯನ್ ಕಾಣುತ್ತಾರೆ. ಈ ನಾಲ್ಕೈದು ವಿವರ ಒಟ್ಟಿಗೆ ಇನ್ನೊಬ್ಬರ ಫೈಲಿನಲ್ಲಿ ಇರಲು ಸಾಧ್ಯವೇ ಇಲ್ಲ. ಹೋಲಿಕೆ ತಾನಾಗಿ ಬಿದ್ದುಹೋಗುತ್ತದೆ, ನೀವು ಅದನ್ನು ಇಳಿಸಲು ಏನೂ ಮಾಡಬೇಕಾಗಿಲ್ಲ.

ರೋಗಿಯ ಗುರುತು ಮಾತ್ರ ಬಿಟ್ಟುಕೊಡಬೇಡಿ. ಹೆಸರು, ತಾರೀಖು, ವಾರ್ಡ್ ಬೇಡ. ವಯಸ್ಸನ್ನು "ಎಪ್ಪತ್ತರ ಆಸುಪಾಸು" ಎಂದರೆ ಸಾಕು. ಗುರುತು ಮರೆಮಾಡುವುದು ಬೇರೆ, ಘಟನೆ ಸೃಷ್ಟಿಸುವುದು ಬೇರೆ.

ಟಿಪ್ಪಣಿಯಿಂದ ಇಂಗ್ಲಿಷಿನಲ್ಲಿ ಒಂದೇ ಬೈಠಕ್‌ನಲ್ಲಿ ಬರೆಯಿರಿ, ವ್ಯಾಕರಣ ನೋಡಬೇಡಿ. ಒಂದು ದಿನ ಬಿಟ್ಟು ಹಳೆಯ ಕರಡು ತೆರೆದು ಪಕ್ಕಪಕ್ಕ ಇಡಿ. ಸತತ ಐದಾರು ಪದ ಒಂದೇ ಆಗಿದ್ದರೆ ಅಲ್ಲಿ ನಿಂತು, ಇದು ರೂಢಿಯ ಮಾತೋ ಅಥವಾ ನೆನಪಿನಿಂದ ಜಾರಿ ಬಂದದ್ದೋ ಎಂದು ಕೇಳಿಕೊಳ್ಳಿ. ರೋಗದ ಹೆಸರು, ಕೋರ್ಸಿನ ಹೆಸರು, ಪದವಿಯ ಹೆಸರು ಒಂದೇ ಇರುತ್ತವೆ, ಅವನ್ನು ತಿರುಚಲು ಹೋಗಬೇಡಿ. "ಹಾರ್ಟ್ ಫೇಲ್ಯೂರ್" ಅನ್ನು ಹೋಲಿಕೆ ತಪ್ಪಿಸಲು ಬೇರೇನೋ ಮಾಡಿದವರ ಬರಹ ಓದಿದರೆ ವೈದ್ಯರು ಬರೆದಂತೆಯೇ ಇರುವುದಿಲ್ಲ.

ಕೊನೆಗೆ ಒಂದು ಪರೀಕ್ಷೆ. ನಿಮ್ಮ ವಿಷಯದಲ್ಲಿ ಪಳಗಿದ ಒಬ್ಬರಿಗೆ ಕೊಟ್ಟು, ಪ್ರತಿ ಪ್ಯಾರಾಕ್ಕೆ ಮೂರು ಪ್ರಶ್ನೆ ಕೇಳಲು ಹೇಳಿ. ಮೇಲಿನ ಸೋಡಿಯಂ ಘಟನೆಯಾದರೆ ಹೀಗೆ: ಯಾಕೆ ಹೈಪರ್‌ಟಾನಿಕ್ (ಹೆಚ್ಚು ಉಪ್ಪಿನ) ಸಲೈನ್ ಕೊಡಲಿಲ್ಲ? ಆಮೇಲೆ ಆ ರೋಗಿ ಏನಾದರು? ಸ್ವಂತ ಘಟನೆಯಾದರೆ ಎರಡನೇ ಪ್ರಶ್ನೆಗೆ ಉತ್ತರ ಇನ್ನೂ ಸರಾಗವಾಗಿ ಬರುತ್ತದೆ. ಎರವಲಾದರೆ ಅಲ್ಲೇ ಮಾತು ನಿಲ್ಲುತ್ತದೆ. ಸಂದರ್ಶನದಲ್ಲಿ ಸಿಕ್ಕಿಬೀಳುವುದೂ ಸಾಮಾನ್ಯವಾಗಿ ಆ ಎರಡನೇ ಪ್ರಶ್ನೆಯಲ್ಲೇ.

ಪ್ರೋಗ್ರಾಂ ವೆಬ್‌ಪುಟದಿಂದ ತಂದ ಎರಡು ವಾಕ್ಯ ಪೂರ್ತಿ ತೆಗೆಯಿರಿ. ಆ ವಾಕ್ಯ ಬರೆದವರೇ ನಿಮ್ಮ ಅರ್ಜಿ ಓದಬಹುದು. ಅದರ ಬದಲು ಆ ಪ್ರೋಗ್ರಾಂನಲ್ಲಿರುವ ಒಂದು ನಿಜವಾದ ಅಂಶವನ್ನು ನಿಮ್ಮ ಅನುಭವಕ್ಕೆ ಜೋಡಿಸಿ ಒಂದೇ ವಾಕ್ಯ ಬರೆಯಿರಿ. ಜೋಡಿಸಲು ಏನೂ ಇಲ್ಲದಿದ್ದರೆ ಬೇಡವೇ ಬೇಡ.

ಹಾಂ, ಮಹಾಪುರುಷರ ಉಕ್ತಿಯಿಂದ ಆರಂಭ ಮಾಡಬೇಡಿ. ಹೆಸರು ಹಾಕಿದರೆ ಕೃತಿಚೌರ್ಯವಲ್ಲ, ಆದರೆ ಇರುವ 700 ಪದದಲ್ಲಿ 25 ಪದ ಬೇರೆಯವರಿಗೆ ಕೊಟ್ಟಂತೆ. ಅಂತರ್ಜಾಲದಲ್ಲಿ ಸಿಗುವ ಉಕ್ತಿಗಳಲ್ಲಿ ಎಷ್ಟೋ ಆ ವ್ಯಕ್ತಿ ಹೇಳಿದ್ದೇ ಅಲ್ಲ.

ಈ ಎಲ್ಲಕ್ಕೂ ಮೂರು ನಾಲ್ಕು ವಾರ ಇಟ್ಟುಕೊಳ್ಳಿ. ಪ್ರೋಗ್ರಾಂಗಳು ಅರ್ಜಿ ನೋಡಲು ಶುರು ಮಾಡುವುದು ಸೆಪ್ಟೆಂಬರ್ ಕೊನೆಯ ವಾರದಲ್ಲಿ. ಸೆಪ್ಟೆಂಬರ್ ಮಧ್ಯದಲ್ಲಿ ಖಾಲಿ ಪುಟ ಹಿಡಿದು ಕೂತವರೇ ಮಾದರಿ ಹುಡುಕಲು ಹೋಗುವುದು.

ಭಾಷೆ_ತಿದ್ದು

ಚಾಟ್‌ಜಿಪಿಟಿ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಪ್ರಯತ್ನಿಸುತ್ತೇನೆ.

ಎಎಎಂಸಿ ನಿಲುವು ಇದು: ವಿಷಯ ಹೊಳೆಯಿಸಿಕೊಳ್ಳಲು, ಕಾಗುಣಿತ ನೋಡಲು, ತಿದ್ದಲು ಎಐ ಉಪಕರಣ ಬಳಸಬಹುದು, ಆದರೆ ಕೊನೆಯ ಬರಹ ನಿಮ್ಮದೇ ಕೆಲಸ ಮತ್ತು ನಿಮ್ಮದೇ ಅನುಭವ ಆಗಿರಬೇಕು. ಯುಕಾಸ್ ಕೂಡ ಇಡೀ ಸ್ಟೇಟ್‌ಮೆಂಟನ್ನೋ ಅದರ ದೊಡ್ಡ ಭಾಗವನ್ನೋ ಎಐ ಇಂದ ಬರೆಸಿ ತನ್ನದೆಂದು ಕೊಟ್ಟರೆ ಅದನ್ನು ಮೋಸ ಎಂದು ಪರಿಗಣಿಸಬಹುದು ಎನ್ನುತ್ತದೆ. ಹಾಗಾದರೆ ಗೆರೆ ಎಲ್ಲಿ? ನಾನು ಹೀಗೆ ನೋಡುತ್ತೇನೆ: ಯಂತ್ರ ತಪ್ಪು ತೋರಿಸಬಹುದು, ವಾಕ್ಯ ಬರೆಯಬಾರದು. ಆದ್ದರಿಂದ "ಇದನ್ನು ಸುಧಾರಿಸು" ಎಂದು ಕೇಳಬೇಡಿ. "ವ್ಯಾಕರಣದ ತಪ್ಪುಗಳನ್ನು ಸಾಲಿನ ಸಂಖ್ಯೆ ಸಮೇತ ಪಟ್ಟಿ ಮಾಡು, ತಿರುಗಿ ಬರೆಯಬೇಡ" ಎಂದು ಕೇಳಿ, ತಿದ್ದುವುದನ್ನು ನಿಮ್ಮ ಕೈಯಿಂದಲೇ ಮಾಡಿ.

"ಸುಧಾರಿಸು" ಎಂದರೆ ಏನಾಗುತ್ತದೆ ಗೊತ್ತೇ? ನೀವು "ಆಡಿಟ್‌ಗೆ ಡೇಟಾ ಸಂಗ್ರಹಿಸಿದೆ" ಎಂದು ಬರೆದಿರುತ್ತೀರಿ, ಅದು "ಗುಣಮಟ್ಟ ಸುಧಾರಣಾ ಯೋಜನೆಯೊಂದನ್ನು ಮುನ್ನಡೆಸಿದೆ" ಎಂದು ಮಾಡಿಕೊಡುತ್ತದೆ. ಇಂಗ್ಲಿಷ್ ಚೆನ್ನಾಗಿದೆ ಎಂದು ಹಾಗೇ ಬಿಟ್ಟರೆ ನಿಮಗೇ ಗೊತ್ತಿಲ್ಲದೆ ಸುಳ್ಳು ಹೇಳಿದಂತಾಯಿತು. ಎರಾಸ್‌ನಲ್ಲಿ ಹತ್ತು ಅನುಭವಗಳವರೆಗೆ ಹಾಕಬಹುದು, ಪ್ರತಿಯೊಂದಕ್ಕೂ 750 ಅಕ್ಷರದ ವಿವರಣೆ ಇದೆ. ಅಲ್ಲಿ "ಡೇಟಾ ಸಂಗ್ರಹ", ಸ್ಟೇಟ್‌ಮೆಂಟಿನಲ್ಲಿ "ಮುನ್ನಡೆಸಿದೆ". ಎರಡನ್ನೂ ಒಟ್ಟಿಗೆ ಓದುವವರು ಮೊದಲು ಹಿಡಿಯುವುದೇ ಇದನ್ನು. ಸಲ್ಲಿಸುವ ಮೊದಲು ಸ್ಟೇಟ್‌ಮೆಂಟಿನ ಪ್ರತಿ ಕ್ರಿಯಾಪದವನ್ನೂ ಅನುಭವದ ಪಟ್ಟಿಯ ಜೊತೆ ತಾಳೆ ನೋಡಿ.

ಎಐ ಪತ್ತೆ ಮಾಡುತ್ತೇವೆ ಎನ್ನುವ ಉಪಕರಣಗಳನ್ನು ಮಾತ್ರ ವೇದವಾಕ್ಯ ಎಂದುಕೊಳ್ಳಬೇಡಿ. ಓಪನ್‌ಎಐ 2023ರ ಜನವರಿಯಲ್ಲಿ ಬಿಟ್ಟ ಸ್ವಂತ ಪತ್ತೆ ಉಪಕರಣವನ್ನು ನಿಖರತೆ ಸಾಲದೆಂದು ಅದೇ ಜುಲೈನಲ್ಲಿ ಹಿಂತೆಗೆದುಕೊಂಡಿತು. 2023ರಲ್ಲೇ ಸ್ಟ್ಯಾನ್‌ಫರ್ಡ್ ಸಂಶೋಧಕರು 91 ಟೋಫೆಲ್ ಪ್ರಬಂಧಗಳನ್ನು, ಅಂದರೆ ಇಂಗ್ಲಿಷ್ ಮಾತೃಭಾಷೆಯಲ್ಲದವರು ಕೈಯಾರೆ ಬರೆದವನ್ನು, ಇಂಥ ಹಲವು ಉಪಕರಣಗಳಿಗೆ ಕೊಟ್ಟು ನೋಡಿದರು. ಸರಾಸರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳನ್ನು ಯಂತ್ರದ್ದು ಎಂದು ತಪ್ಪಾಗಿ ಗುರುತಿಸಲಾಯಿತು. ಕಾರಣ ಸರಳ: ಎರಡನೇ ಭಾಷೆಯಲ್ಲಿ ಬರೆಯುವವರು ಪರಿಚಿತ ಪದ, ಊಹಿಸಬಹುದಾದ ವಾಕ್ಯ ಬಳಸುತ್ತಾರೆ, ಈ ಉಪಕರಣಗಳು ಅಳೆಯುವುದೂ ಆ ಊಹಿಸಬಹುದಾದ ಗುಣವನ್ನೇ. ನಮ್ಮಂಥವರಿಗೆ ಇದು ನಿಜವಾದ ಅನ್ಯಾಯ, ಅದಕ್ಕೆ ನಿಮ್ಮ ಹತ್ತಿರ ಪುರಾವೆ ಇರಲಿ. ಮೊದಲ ಟಿಪ್ಪಣಿಯಿಂದ ಕೊನೆಯ ಕರಡಿನವರೆಗೆ ಒಂದೇ ಗೂಗಲ್ ಡಾಕ್‌ನಲ್ಲಿ ಬರೆದರೆ ವರ್ಷನ್ ಹಿಸ್ಟರಿ ತಾನಾಗಿ ಉಳಿಯುತ್ತದೆ. ಬೇರೆಡೆ ಬರೆದು ಒಮ್ಮೆಲೇ ಪೇಸ್ಟ್ ಮಾಡಿದರೆ ಆ ಇತಿಹಾಸ ಇರುವುದಿಲ್ಲ. ರೆಕಾರ್ಡಿಂಗನ್ನೂ ಅಳಿಸಬೇಡಿ.

ದುಡ್ಡು ಕೊಟ್ಟು ತಿದ್ದಿಸುವವರ ವಿಷಯಕ್ಕೂ ಇದೇ ಅಳತೆ. ಅಂಚಿನಲ್ಲಿ ಟಿಪ್ಪಣಿ ಹಾಕಿ "ಇಲ್ಲಿ ಏನು ಹೇಳಬೇಕೆಂದಿದ್ದೀರಿ?" ಎಂದು ಕೇಳುವವರು ಸಂಪಾದಕರು. ಪ್ರಶ್ನಾವಳಿ ತುಂಬಿಸಿಕೊಂಡು ಮೂರು ದಿನದಲ್ಲಿ ಸಿದ್ಧ ಸ್ಟೇಟ್‌ಮೆಂಟ್ ಕಳಿಸುವವರು ಬರೆದುಕೊಡುವವರು. ಎರಡನೆಯವರ ಹತ್ತಿರ ಹೋದರೆ ಅದೇ ಪ್ಯಾರಾ ಅವರು ಇನ್ನೆಷ್ಟು ಜನರಿಗೆ ಕೊಟ್ಟಿದ್ದಾರೆ ಎಂದು ತಿಳಿಯುವ ದಾರಿ ಇಲ್ಲ. ಹೋಲಿಕೆ ಬಂದರೆ ಉತ್ತರ ಕೊಡಬೇಕಾದವರು ನೀವು, ಅವರಲ್ಲ.

ಅರ್ಜಿ_ಕರಡು

ಇನ್ನೆರಡು ಸಣ್ಣ ಪ್ರಶ್ನೆ. ಕಳೆದ ವರ್ಷ ತಾನೇ ಹಾಕಿದ ಸ್ಟೇಟ್‌ಮೆಂಟನ್ನು ಮತ್ತೆ ಬಳಸಿದರೆ? ಈಗಾಗಲೇ ಎರವಲು ಪ್ಯಾರಾ ಇರುವುದನ್ನೇ ಕಳಿಸಿಬಿಟ್ಟವರು ಏನು ಮಾಡಬೇಕು?

ವಾರ್ಡ್_ಟಿಪ್ಪಣಿ

ಸ್ವಂತ ಬರಹ ಮತ್ತೆ ಬಳಸುವುದು ಕಳ್ಳತನವಲ್ಲ. ಆದರೆ ಮ್ಯಾಚ್ ಆಗದೆ ಮತ್ತೆ ಹಾಕುತ್ತಿದ್ದರೆ ಅದೇ ಪ್ರೋಗ್ರಾಂ ಹಳೆಯದನ್ನು ಓದಿರಬಹುದು. ಒಂದು ವರ್ಷದಲ್ಲಿ ಏನೂ ಬದಲಾಗಿಲ್ಲ ಎಂದು ನೀವೇ ಹೇಳಿದಂತಾಗುತ್ತದೆ. ಘಟನೆ ಉಳಿಸಿ, ಆಮೇಲಿನ ವರ್ಷ ಏನು ಮಾಡಿದಿರಿ ಎಂಬುದನ್ನು ಹೊಸದಾಗಿ ಬರೆಯಿರಿ.

ಕಳಿಸಿಬಿಟ್ಟವರಿಗೆ: ಎರಾಸ್‌ನಲ್ಲಿ ಅರ್ಜಿಯ ಮುಖ್ಯ ಭಾಗ ಸಲ್ಲಿಸಿದ ಮೇಲೆ ಬೀಗ ಬೀಳುತ್ತದೆ, ಆದರೆ ಪರ್ಸನಲ್ ಸ್ಟೇಟ್‌ಮೆಂಟ್ ಹೊಸದು ಮಾಡಿ ಪ್ರೋಗ್ರಾಂಗಳಿಗೆ ಮರು ಜೋಡಿಸಬಹುದು. ಇವತ್ತೇ ಮಾಡಿ. ಹಳೆಯದನ್ನು ಈಗಾಗಲೇ ಯಾರಾದರೂ ಓದಿದ್ದರೆ ಅದನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಯಾರಾದರೂ ಕೇಳಿದರೆ ಯಾವ ಭಾಗ, ಎಲ್ಲಿಂದ, ಯಾವಾಗ ಬದಲಿಸಿದ್ದು ಎಂದು ನೇರವಾಗಿ ಹೇಳಿ. "ಕನ್ಸಲ್ಟೆಂಟ್ ಬರೆದದ್ದು, ನನಗೆ ಗೊತ್ತಿರಲಿಲ್ಲ" ಎಂದರೆ ತಪ್ಪು ಎರಡಾಗುತ್ತದೆ, ಏಕೆಂದರೆ ನೀವೇ ಬರೆದದ್ದೆಂದು ಪ್ರಮಾಣೀಕರಿಸಿದ್ದೀರಿ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಗಲಾಟೆಯೇ ಎನ್ನುವವರಿಗೆ ಒಂದು ಮಾತು. 2005ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನ, ವೈದ್ಯಕೀಯ ಮಂಡಳಿಗಳಿಂದ ಶಿಸ್ತು ಕ್ರಮಕ್ಕೆ ಒಳಗಾದ 235 ವೈದ್ಯರ ಹಳೆಯ ಕಾಲೇಜು ದಾಖಲೆಗಳನ್ನು ಉಳಿದವರ ಜೊತೆ ಹೋಲಿಸಿತ್ತು. ವಿದ್ಯಾರ್ಥಿಯಾಗಿದ್ದಾಗಲೇ ವೃತ್ತಿಗೆ ಒಪ್ಪದ ನಡತೆ ದಾಖಲಾಗಿದ್ದವರಲ್ಲಿ ಮುಂದೆ ಕ್ರಮಕ್ಕೆ ಒಳಗಾಗುವ ಸಂಭವ ಮೂರು ಪಟ್ಟು. ಆಯ್ಕೆ ಸಮಿತಿಗಳು ಅರ್ಜಿಯ ಪ್ರಾಮಾಣಿಕತೆಗೆ ಇಷ್ಟು ತೂಕ ಕೊಡುವುದು ಇಂಥ ಕಾರಣಕ್ಕೆ. ಡಿಸ್‌ಚಾರ್ಜ್ ಸಾರಾಂಶದಲ್ಲಿ ನಿನ್ನೆಯ ಪರೀಕ್ಷೆಯ ವಿವರವನ್ನು ನೋಡದೆ ಕಾಪಿ ಪೇಸ್ಟ್ ಮಾಡುವ ಕೈ ಯಾವುದು ಎಂದು ಅವರು ಮೊದಲೇ ತಿಳಿಯಬಯಸುತ್ತಾರೆ.

ಸಾಲು_ಸಾಲಾಗಿ

ಯಾರೂ ಹೇಳದ ಇನ್ನೊಂದು ಜಾಗ: ಶಿಫಾರಸು ಪತ್ರ. ಪ್ರೊಫೆಸರ್ "ನೀನೇ ಕರಡು ಮಾಡಿ ಕೊಡು" ಎಂದಾಗ ಅಭ್ಯರ್ಥಿ ತನ್ನ ಸ್ಟೇಟ್‌ಮೆಂಟಿನ ವಾಕ್ಯವನ್ನೇ ಅಲ್ಲಿ ಇಡುವುದುಂಟು. ಒಂದೇ ಕಡತದಲ್ಲಿ ಎರಡು ಸಹಿಯ ಕೆಳಗೆ ಒಂದೇ ವಾಕ್ಯ ಕಂಡರೆ ಸ್ಟೇಟ್‌ಮೆಂಟಿನ ಮೇಲೂ ಪತ್ರದ ಮೇಲೂ ನಂಬಿಕೆ ಹೋಗುತ್ತದೆ. ಕರಡು ಕೇಳಿದರೆ ವಾಕ್ಯ ಬರೆಯದೆ, ಅವರ ಜೊತೆ ಮಾಡಿದ ಕೆಲಸದ ತಾರೀಖು ಮತ್ತು ಸಂಗತಿಗಳ ಪಟ್ಟಿ ಮಾತ್ರ ಕೊಡಿ.

ಹಾಗೆಯೇ ನಿಮ್ಮ ಫೈಲನ್ನು ಜೂನಿಯರ್‌ಗಳಿಗೆ ಹಂಚಬೇಡಿ. ಹೋಲಿಕೆಯ ವರದಿ ಎರಡು ಬರಹ ಒಂದೇ ಎನ್ನುತ್ತದೆ, ಮೂಲ ಯಾರದ್ದು ಎನ್ನುವುದಿಲ್ಲ. ಸಹಾಯ ಮಾಡಬೇಕೆನಿಸಿದರೆ ಎದುರು ಕೂರಿಸಿಕೊಂಡು ಮೇಲೆ ಹೇಳಿದ ಆ ಐದು ಪ್ರಶ್ನೆ ಕೇಳಿ.

ಮತ್ತೆ ಆ ಉಚಿತ ಚೆಕರ್. ಅದರ ಷರತ್ತುಗಳಲ್ಲಿ ಹಾಕಿದ ಬರಹವನ್ನು ಇಟ್ಟುಕೊಳ್ಳುತ್ತೇವೆ ಎಂದಿದೆಯೇ ನೋಡಿ. ಇಟ್ಟುಕೊಂಡರೆ ನಿಮ್ಮ ಹೊಸ, ಪೂರ್ತಿ ಸ್ವಂತ ಕರಡು ಮುಂದೆ ನಿಮ್ಮದೇ ಪ್ರತಿಗೆ ಹೋಲಿಕೆಯಾಗಬಹುದು, ಅಥವಾ ಇನ್ನೊಬ್ಬರಿಗೆ ಮಾದರಿಯಾಗಿ ಸಿಗಬಹುದು. ಹೊಸ ಕರಡನ್ನು ಅಲ್ಲಿಗೆ ಹಾಕಬೇಡಿ. ಕಾಲೇಜು ಅಥವಾ ಲೈಬ್ರರಿಯ ಮೂಲಕ ಟರ್ನಿಟಿನ್ ಎಂಬ ಹೋಲಿಕೆ ನೋಡುವ ಸಾಫ್ಟ್‌ವೇರ್ ಸಿಕ್ಕರೆ, ಸಂಗ್ರಹಕ್ಕೆ ಸೇರಿಸಬೇಡಿ ಎನ್ನುವ ಆಯ್ಕೆ ಹಾಕಿಸಿ ಒಂದೇ ಸಲ ನೋಡಿ. ಅದೂ ಇಲ್ಲದಿದ್ದರೆ, ಅನುಮಾನ ಇರುವ ಏಳೆಂಟು ಪದಗಳ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಗೂಗಲ್‌ನಲ್ಲಿ ಹುಡುಕಿ.